ಶೇಷಪ್ಪ ಭಾವನ ಹೆಬ್ಬೆರಳು

ನನ್ನ ಭಾವ ಶೇಷಪ್ಪನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಆಸೆಯೂ ನನಗಿಲ್ಲ. ಸಾಗರದ ಬಸ್ ಸ್ಟ್ಯಾಂಡಿನ ಹಿಂದೆ ಚಹಾ ಹೋಟೆಲು ಇಟ್ಟುಕೊಂಡವನಿಗೆ ಸಿಟ್ಟು ದಿನಾ ಬರುತ್ತದೆ, ಸಂಜೆ ಒಲೆ ಆರಿಸುವಾಗ ಅದೂ ಆರುತ್ತದೆ. ಇದು ಆರಲಿಲ್ಲ. ಯಾಕೆಂದು ಹೇಳುತ್ತೇನೆ, ನೀವೇ ತೀರ್ಮಾನ ಮಾಡಿ. ತೀರ್ಮಾನ ನನ್ನ ಪರವಾಗಿ ಬರದಿದ್ದರೆ ನಿಮ್ಮ ಮೇಲೂ ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗಿದೆ.

ಮೊದಲು ಬಳಿ ಎಂದರೇನು ಎಂದು ಹೇಳಿಬಿಡುತ್ತೇನೆ. ನಮ್ಮ ಜನರಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಒಂದು ಬಳಿ ಇರುತ್ತದೆ. ಅದು ತಾಯಿಯಿಂದ ಬರುತ್ತದೆ, ಅಪ್ಪನಿಂದಲ್ಲ. ನಮ್ಮಮ್ಮ ಹೊನ್ನೆ ಬಳಿ. ಹಾಗಾಗಿ ನಾನೂ ನನ್ನಕ್ಕ ಬಂಗಾರಮ್ಮನೂ ಹೊನ್ನೆ ಬಳಿ, ಅಕ್ಕನ ಮಗಳು ಯಮುನಳೂ ಹೊನ್ನೆ ಬಳಿ. ಒಂದೇ ಬಳಿಯ ಗಂಡು ಹೆಣ್ಣು ಒಬ್ಬರ ಮುಖ ಒಬ್ಬರು ನೋಡಿರದಿದ್ದರೂ ಅಣ್ಣ ತಂಗಿಯೇ. ಮದುವೆಯ ಮಾತೇ ಕೂಡದು.

ಅಕ್ಕನ ಗಂಡ ಶೇಷಪ್ಪನಿಗೆ ನೆಟ್ಟಗೆ ನೇಗಿಲು ಹಿಡಿಯಲು ಬರುತ್ತಿರಲಿಲ್ಲ. ಸಂತೆಗೆ ಕಳಿಸಿದರೆ ಮೀನು ಮರೆತು ಬರೀ ಚೀಲ ತರುತ್ತಿದ್ದ. ಆದರೆ ಯಾರದು ಯಾವ ಬಳಿ ಎನ್ನುವುದು ಮಾತ್ರ ಅವನಿಗೆ ಬಾಯಿಪಾಠ. ಮೊದಲೆಲ್ಲ ಇದಕ್ಕೆ ಯಾರೂ ಕಿಮ್ಮತ್ತು ಕೊಡುತ್ತಿರಲಿಲ್ಲ, ಊರಲ್ಲಿ ಎಲ್ಲರಿಗೂ ಎಲ್ಲರ ಬಳಿ ಗೊತ್ತಿತ್ತು. ಲಿಂಗನಮಕ್ಕಿಯಲ್ಲಿ ನೀರು ನಿಂತು ಹಳ್ಳಿಗೆ ಹಳ್ಳಿಯೇ ಮುಳುಗಿದ ಮೇಲೆ ಜನ ದಿಕ್ಕಾಪಾಲಾದರು. ಹೊಸ ಊರಲ್ಲಿ ಪಕ್ಕದ ಮನೆಯವರು ಯಾರೆಂದು ಯಾರಿಗೂ ತಿಳಿಯದು. ಆಗ ಹೊಸನಗರ, ತೀರ್ಥಹಳ್ಳಿ ಕಡೆಯಿಂದಲೂ ಹೆಣ್ಣಿನವರು, ಗಂಡಿನವರು ಇಕ್ಕೇರಿ ಹತ್ತಿರದ ಅಕ್ಕನ ಮನೆ ಹುಡುಕಿಕೊಂಡು ಬರತೊಡಗಿದರು. ಶೇಷಪ್ಪ ಜಗಲಿಯ ಮೇಲೆ ಕೂತು ಕಣ್ಣು ಮುಚ್ಚಿ, "ಅವಳ ಅಜ್ಜಿ ಸೀಗೆ ಬಳಿ, ಆಗ್ತದೆ," ಎನ್ನುತ್ತಿದ್ದ. ಬಂದವರು ಅವನಿಗೆ ಕೈ ಮುಗಿಯುತ್ತಿದ್ದರು. ಕೈ ಮುಗಿಸಿಕೊಂಡು ಅಭ್ಯಾಸವಾದವನ ತಲೆ ನೆಟ್ಟಗಿರುವುದು ಕಷ್ಟ.

ಯಮುನಳಿಗೆ ಗೋಪಾಲನನ್ನು ಗೊತ್ತು ಮಾಡಿದವನೂ ಅವನೇ. ಗೋಪಾಲ ಮುಳುಗಡೆಯಿಂದ ಎದ್ದು ಬಂದ ಹುಲಿಯಮ್ಮನ ಒಬ್ಬನೇ ಮಗ, ಅಪ್ಪ ಇಲ್ಲ. ಅವರು ಕಡವೆ ಬಳಿ. ಹುಡುಗ ಸಾಗರದ ಮರದ ಡಿಪೋದಲ್ಲಿ ದಿಮ್ಮಿ ಹತ್ತಿಸುವ ಕೆಲಸಕ್ಕೆ ಹೋಗುತ್ತಿದ್ದ. ಯಮುನ ಅವನನ್ನು ನೋಡಿದ್ದಳು, ಅವನೂ ಇವಳನ್ನು ನೋಡಿದ್ದ, ಇಬ್ಬರೂ ಆಮೇಲೆ ಬೇರೆ ಯಾರನ್ನೂ ನೋಡಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಮದುವೆ ಎಂದು ವೀಳ್ಯ ಬದಲಾಯಿಸಿದ್ದೂ ಆಗಿತ್ತು.

ಅಷ್ಟರಲ್ಲಿ ಲಾರಿ ಮೇಲಿನ ದಿಮ್ಮಿ ಜಾರಿ ಗೋಪಾಲನ ತೊಡೆ ಮೇಲೆ ಬಿತ್ತು.

ಅದೇ ಲಾರಿಯಲ್ಲಿ ಅವನನ್ನು ಆಸ್ಪತ್ರೆಗೆ ತಂದರು. ಸುದ್ದಿ ಕೇಳಿ ನಾನು ಹೋಟೆಲಿಂದ ಓಡಿದೆ. ಅಕ್ಕ, ಭಾವ, ಹುಲಿಯಮ್ಮ, ಡಿಪೋದ ಜನ ಎಲ್ಲ ಸೇರಿದ್ದರು. ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಡಾಕ್ಟರ್ ಗಣೇಶಮೂರ್ತಿ ಹೊರಗೆ ಬಂದು, "ರಕ್ತ ತುಂಬಾ ಹೋಗಿದೆ. ಕಾಲಿನ ಮಾತು ಆಮೇಲೆ, ಮೊದಲು ಜೀವ ಉಳಿಸಬೇಕು. ರಕ್ತ ಯಾರು ಕೊಡ್ತೀರಿ?" ಎಂದರು.

ಆ ಮಾತು ಮುಗಿಯುವಷ್ಟರಲ್ಲಿ ಮನೆಯವರು ನಾವು ನಾಲ್ವರನ್ನು ಬಿಟ್ಟು ವರಾಂಡ ಖಾಲಿಯಾಯಿತು. ಒಬ್ಬನಿಗೆ ಎತ್ತಿನ ನೆನಪಾಯಿತು, ಒಬ್ಬನಿಗೆ ಬಸ್ಸಿನ ನೆನಪಾಯಿತು. ಮೈಯಿಂದ ತೆಗೆದ ರಕ್ತ ಮತ್ತೆ ಹುಟ್ಟುವುದಿಲ್ಲ ಎಂದು ನಂಬಿದ್ದ ಕಾಲ. ಹುಲಿಯಮ್ಮ ಮಾತ್ರ ಎರಡೂ ಕೈ ಚಾಚಿ, "ನಂದು ಪೂರ್ತಿ ತಗಳಿ," ಎಂದಳು.

ಡಾಕ್ಟರು ಅವಳ ಬೆರಳು ಚುಚ್ಚಿ ಒಂದು ಹನಿ ಗಾಜಿನ ಮೇಲೆ ಹಾಕಿಕೊಂಡು ಏನೋ ಔಷಧಿ ಬೆರೆಸಿ ನೋಡಿದರು. ಹೊಂದಲಿಲ್ಲ. "ತಾಯಿ ರಕ್ತ ಮಗನಿಗೆ ಹೊಂದಲೇಬೇಕು ಅಂತ ಏನೂ ಇಲ್ಲಮ್ಮ," ಎಂದು ಸಮಾಧಾನ ಹೇಳಿದರು. ಆಮೇಲೆ ನನ್ನದು ನೋಡಿದರು. ಅದೂ ಹೊಂದಲಿಲ್ಲ. ನನ್ನ ತೋಳಿಗೆ ಪಟ್ಟಿ ಸುತ್ತಿ ಬ್ಲಡ್ ಪ್ರೆಶರನ್ನೂ ನೋಡಿ, "ಇಷ್ಟು ಬಿ.ಪಿ. ಇಟ್ಟುಕೊಂಡು ಹೋಟೆಲು ಹೇಗ್ರೀ ನಡೆಸ್ತೀರಿ?" ಎಂದು ಕೇಳಿದರು. ಆ ಪ್ರಶ್ನೆಗೂ ನನಗೆ ಸಿಟ್ಟು ಬಂತು. ನನ್ನ ಹಿಂದೆ ನಿಂತಿದ್ದ ಅಕ್ಕನದು ಹೊಂದಿತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆಲಸಕ್ಕೆ ಹೊರಟವಳಂತೆ ಹೋಗಿ ಮಂಚದ ಮೇಲೆ ಮಲಗಿದಳು. ಒಂದು ಬಾಟ್ಲಿ ಕೊಟ್ಟು, ಎದ್ದು ಕೂತು, ಒಂದು ಲೋಟ ಹಾಲು ಕುಡಿದಳು. ಹುಡುಗ ಬದುಕಿಕೊಂಡ.

ಅಕ್ಕನ ಹಿಂದೆ ಸಾಲಲ್ಲಿ ಇದ್ದವನು ಶೇಷಪ್ಪ. ತಿರುಗಿ ನೋಡಿದರೆ ಇಲ್ಲ. ಎಷ್ಟೋ ಹೊತ್ತಿನ ಮೇಲೆ ಆಸ್ಪತ್ರೆಯ ಹಿಂಬದಿಯಿಂದ ಬಂದ. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದ, ಬಟ್ಟೆ ಕೆಂಪಗಾಗಿತ್ತು. "ನಂದೂ ನೋಡಿದ್ರು ಮಾರಾಯ. ಹೊಂದ್ಲಿಲ್ಲ," ಎಂದು ನಿಟ್ಟುಸಿರು ಬಿಟ್ಟ. ನಾನು ನಂಬಿದೆ. ಆ ಕೆಂಪು ಅವನ ಬಾಯೊಳಗಿನ ಎಲೆಅಡಿಕೆಯದು ಎಂದು ತಿಳಿಯುವಷ್ಟರಲ್ಲಿ ಮದುವೆಯೇ ಮುರಿದಿತ್ತು.

ಅದು ಮುರಿಯಲು ಶುರುವಾದದ್ದು ನನ್ನ ಹೋಟೆಲಿನಲ್ಲಿ, ನನ್ನದೇ ಚಹಾ ಕುಡಿಯುತ್ತಾ. ನನ್ನ ಸಿಟ್ಟಿಗೆ ಅದೂ ಒಂದು ಕಾರಣ. ಮಾರನೆಯ ದಿನ ಡಿಪೋದ ಗಾರ್ಡ್ ಸೀತಾರಾಮಪ್ಪ, "ಎಂತ ಶೇಷಪ್ಪ, ಹೆಂಡ್ತಿ ರಕ್ತ ಕೊಟ್ಲಂತೆ, ನೀನು ಕೊಡ್ಲಿಲ್ವಾ?" ಎಂದು ಕೇಳಿದ.

ಭಾವ ಹೆಬ್ಬೆರಳು ಎತ್ತಿ ತೋರಿಸಿದ. "ಕೊಡಕ್ಕೆ ಹೋಗಿದ್ದೆ. ನಂದು ಸೀಗೆ ಬಳಿ, ಹುಡುಗಂದು ಕಡವೆ ಬಳಿ. ಬೇರೆ ಬಳಿ ರಕ್ತ ಹೆಂಗೆ ಹೊಂದ್ತದೆ?"

"ರಕ್ತದಾಗೂ ಬಳಿ ಇರ್ತದಾ?"

ಬರೀ ತಪ್ಪಿಸಿಕೊಳ್ಳಲು ಆಡಿದ ಮಾತು ಅದು. ಆದರೆ ಸುತ್ತ ಕೂತವರು ಚಹಾ ಕುಡಿಯುವುದನ್ನು ನಿಲ್ಲಿಸಿ ಅವನನ್ನೇ ನೋಡತೊಡಗಿದ್ದರು. ಜನ ನೋಡುತ್ತಿದ್ದಾರೆ ಎಂದರೆ ನನ್ನ ಭಾವನಿಗೆ ಜ್ಞಾನ ಉಕ್ಕುತ್ತದೆ. "ಇರ್ದೆ ಎಂತ? ಡಾಕ್ಟ್ರು ಅದಕ್ಕೆ ಗುಂಪು ಅಂತಾರೆ, ನಾವು ಬಳಿ ಅಂತೀವಿ. ಅವ್ರು ಮೊನ್ನೆ ಮೊನ್ನೆ ಕಂಡುಹಿಡಿದ್ರು. ನಮ್ಮ ಹಿರೀಕರಿಗೆ ಗಾಜು ಬೇಡ, ಸೂಜಿ ಬೇಡ, ಬಾಯಲ್ಲೇ ಗೊತ್ತಿತ್ತು," ಎಂದ.

ಎಲ್ಲರೂ ತಲೆದೂಗಿದರು. ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು ಎಂದರೆ ತಲೆದೂಗದವನನ್ನು ನಾನು ಈ ಹೋಟೆಲಿನಲ್ಲಿ ಇನ್ನೂ ಕಂಡಿಲ್ಲ. ಸೀತಾರಾಮಪ್ಪ ಮಾತ್ರ ಸಾಸರಿನ ಚಹಾ ಹೀರುತ್ತಾ ಕೇಳಿದ: "ಹಂಗಾದ್ರೆ ಬಂಗಾರಮ್ಮಂದು ಹೆಂಗೆ ಹೊಂದ್ತು? ಅವ್ರು ಹೊನ್ನೆ ಬಳಿ ಅಲ್ವಾ?"

ಭಾವನ ಬಾಯಿ ತೆರೆದೇ ಇತ್ತು. ಉಳಿದವರು ಲೆಕ್ಕ ಹಾಕಿದರು. ಹೆತ್ತ ತಾಯಿಯ ರಕ್ತ ಹೊಂದಲಿಲ್ಲ, ಹೆಣ್ಣಿನ ತಾಯಿಯ ರಕ್ತ ಹೊಂದಿತು. ಅಂದಮೇಲೆ ಗೋಪಾಲ ಕಡವೆ ಬಳಿಯವನಲ್ಲ, ಹೊನ್ನೆ ಬಳಿಯವನು. ಅಂದಮೇಲೆ ಯಮುನಳಿಗೆ ಅಣ್ಣ. ಅಂದಮೇಲೆ ಅವನು ಹುಲಿಯಮ್ಮನ ಮಗನೇ ಅಲ್ಲ. ಯಾರೋ ಹಣೆ ಚಚ್ಚಿಕೊಂಡರು. "ಶೇಷಪ್ಪ ಇರದಿದ್ರೆ ಅಣ್ಣಂಗೇ ತಂಗಿ ಕೊಟ್ಟು ಮದುವೆ ಮಾಡ್ತಿದ್ವಲ್ಲ," ಎಂದರು. ಭಾವ ಆಗಲಾದರೂ ಇಲ್ಲ ಎನ್ನಬೇಕಿತ್ತು. ಗಂಭೀರವಾಗಿ ಕಣ್ಣು ಮುಚ್ಚಿಕೊಂಡ. ಒಳಗೆ ದೋಸೆ ಹುಯ್ಯುತ್ತಿದ್ದ ನನಗೆ ಆಗ ಇದೊಂದೂ ಕೇಳಿಸಲಿಲ್ಲ, ಆಮೇಲೆ ಸೀತಾರಾಮಪ್ಪ ಹೇಳಿಯೇ ಗೊತ್ತಾದದ್ದು. ಕೇಳಿಸಿದ್ದರೆ ಕಾವಲಿಯನ್ನೇ ಹಿಡಿದುಕೊಂಡು ಹೊರಗೆ ಬರುತ್ತಿದ್ದೆ.

ಎರಡು ದಿನದಲ್ಲಿ ಯಜಮಾನ ಹೂವಯ್ಯನ ಅಂಗಳದಲ್ಲಿ ಕೂಟ ಸೇರಿತು. ಹೂವಯ್ಯ ನಮ್ಮ ಜನರಿಗೆಲ್ಲ ಹಿರಿಯ, ನ್ಯಾಯ ಹೇಳುವವನು. ಯಾರು ಏನು ಹೇಳಿದರೂ "ಅದೂ ಒಂದು ಮಾತೇ" ಎನ್ನುವುದು ಅವನ ನ್ಯಾಯ. ಭಾವ ತೊಳೆದ ಅಂಗಿ ಹಾಕಿಕೊಂಡು, ಹೆಬ್ಬೆರಳಿಗೆ ಹೊಸ ಬಟ್ಟೆ ಸುತ್ತಿಕೊಂಡು ನಡುವೆ ಕೂತಿದ್ದ.

ನಾನು ಎದ್ದು ನಿಂತೆ. "ಭಾವ, ನಾನೂ ಅಕ್ಕನೂ ಒಂದೇ ತಾಯಿ ಮಕ್ಳು. ಇಬ್ರೂ ಹೊನ್ನೆ ಬಳಿ. ಅಕ್ಕನ ರಕ್ತ ಹೊಂದ್ತು, ನಂದು ಹೊಂದ್ಲಿಲ್ಲ. ಇದಕ್ಕೆ ಎಂತ ಹೇಳ್ತಿ?"

"ಅದೂ ಒಂದು ಮಾತೇ," ಎಂದ ಹೂವಯ್ಯ.

ಶೇಷಪ್ಪ ನನ್ನನ್ನು ಕರುಣೆಯಿಂದ ನೋಡಿದ. ದನಿ ತಗ್ಗಿಸಿ, "ಬೇಡ ತಿಮ್ಮಣ್ಣ, ಅದನ್ನ ಈಗ ಎತ್ತಬ್ಯಾಡ. ಅತ್ತೆ ತೀರ್ಕೊಂಡು ಎಷ್ಟು ವರ್ಷ ಆತು," ಎಂದ.

ಅವನು ನನ್ನ ತಾಯಿಯ ಬಗ್ಗೆ ಏನು ಹೇಳಿದ ಎನ್ನುವುದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಾನು ಏನು ಮಾಡಿದೆನೋ ನನಗೆ ಸರಿಯಾಗಿ ನೆನಪಿಲ್ಲ. ನನ್ನನ್ನು ಹಿಡಿದುಕೊಳ್ಳಲು ಬಹಳ ಜನ ಬೇಕಾಯಿತಂತೆ. ಭಾವ ಒನಕೆ ಇಡುವ ಮೂಲೆಯಲ್ಲಿ ಸಿಕ್ಕನಂತೆ.

ಆ ಗಲಾಟೆಯಲ್ಲೇ ಹುಲಿಯಮ್ಮ ಬಂದಳು. ಆಸ್ಪತ್ರೆಯಿಂದ ನೇರವಾಗಿ ಬಂದವಳು, ಮಗನ ಊಟದ ಬುತ್ತಿಯ ಡಬ್ಬಿ ಇನ್ನೂ ಕೈಯಲ್ಲಿತ್ತು. ಅವಳನ್ನು ನೋಡಿ ನನ್ನನ್ನು ಹಿಡಿದಿದ್ದವರೂ ಕೈ ಬಿಟ್ಟರು.

"ನನ್ನ ಮನೆ ಮುಳುಗ್ಸಿದ್ರು, ಸುಮ್ನಿದ್ದೆ," ಎಂದಳು. "ಗದ್ದೆ ಮುಳುಗ್ಸಿದ್ರು, ಸುಮ್ನಿದ್ದೆ. ಅವನ್ನ ಹೆತ್ತ ಕೋಣೆ ನೀರಿನ ಅಡಿಗೆ ಐತೆ. ಹೆರಿಗೆ ಮಾಡ್ಸಿದ ಮುದುಕಿ ಸತ್ತು ಹೋದ್ಲು. ನೆರೆಮನೆಯೋರು ಯಾವ ದಿಕ್ಕಿಗೆ ಹೋದ್ರೋ ಗೊತ್ತಿಲ್ಲ. ಈಗ ಶೇಷಪ್ಪ ಅವನು ನನ್ನ ಮಗ ಅಲ್ಲ ಅಂತಾನೆ. ನಾನು ಎಲ್ಲಿಂದ ಸಾಕ್ಷಿ ತರ್ಲಿ, ಮುಳುಗಿ ತರ್ಲಾ?"

ಹೂವಯ್ಯ ಕೂಡ ಅದೊಂದು ಮಾತು ಎನ್ನಲಿಲ್ಲ. 'ನಾನು ಸೂಜಿಗೆ ಹೆದರಿ ಓಡಿಹೋದೆ' ಎಂದು ಶೇಷಪ್ಪ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಜನ ನಕ್ಕು ಮನೆಗೆ ಹೋಗುತ್ತಿದ್ದರು. ಅವನು ಹೆಬ್ಬೆರಳು ಸವರಿಕೊಂಡು, "ನಾನು ಹೇಳಿದ್ದಲ್ಲ ಹುಲಿಯಕ್ಕ, ರಕ್ತ ಹೇಳಿದ್ದು," ಎಂದ.

"ನನ್ನ ಮಗ ನನ್ನವನಲ್ಲ ಅಂದ ಮನೆಯಿಂದ ನಂಗೆ ಸೊಸೆ ಬ್ಯಾಡ," ಎಂದಳು ಹುಲಿಯಮ್ಮ. ವೀಳ್ಯ ಅಲ್ಲೇ ಮುರಿಯಿತು.

ಆವತ್ತು ಯಮುನ ಅಳುತ್ತಾಳೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅವಳು ಅಳಲಿಲ್ಲ. ಅಪ್ಪನ ಮುಂದೆ ಗಂಜಿ ತಟ್ಟೆ ಕುಕ್ಕಿ, "ಅಪ್ಪಯ್ಯ, ನಾನು ಯಾರ ಮಗಳು ಅಂತ ಒಂದ್ಸಲ ನೋಡ್ಸ್ಕಂಡು ಬಾ. ಅಲ್ಲೀವರೆಗೆ ನನ್ನ ಮಾತಾಡಿಸ್ಬ್ಯಾಡ," ಎಂದಳು. ಅಕ್ಕ ಏನೂ ಹೇಳಲಿಲ್ಲ. ನನ್ನಕ್ಕ ಕೂಗಾಡಿದರೆ ಹೆದರಬೇಕಾಗಿಲ್ಲ, ಸುಮ್ಮನಾದರೆ ಊರು ಬಿಡಬೇಕು. ಭಾವನಿಗೆ ಇಷ್ಟು ವರ್ಷ ಸಂಸಾರ ಮಾಡಿದರೂ ಅದು ಗೊತ್ತಿರಲಿಲ್ಲ.

ಹದಿನೈದು ದಿನ ಕಳೆದಿರಬೇಕು. ಗೋಪಾಲನ ತೊಡೆಯ ಗಾಯ ಕೀವು ತುಂಬಿ, ಮತ್ತೆ ಕೊಯ್ಯಬೇಕು, ಮತ್ತೆ ರಕ್ತ ಬೇಕು ಎಂದರು. ಹುಲಿಯಮ್ಮ ನಮ್ಮ ಮನೆಗೆ ಹೇಳಿ ಕಳಿಸಲಿಲ್ಲ. ನನ್ನ ಹೋಟೆಲಿಗೆ ಬಂದ ಸೀತಾರಾಮಪ್ಪನಿಂದ ಸುದ್ದಿ ತಿಳಿಯಿತು. ಅಕ್ಕ ಓಡಿ ಬಂದು ಮತ್ತೆ ತೋಳು ಚಾಚಿದಳು. ಡಾಕ್ಟರು ಬೈದರು. "ಕೊಟ್ಟು ಇನ್ನೂ ತಿಂಗಳಾಗಿಲ್ಲ, ನಿಮ್ಮನ್ನೂ ಮಂಚದ ಮೇಲೆ ಮಲಗಿಸಬೇಕಾ? ನಿಮ್ಮ ಮನೆಯಲ್ಲಿ ಬೇರೆ ಯಾರಿದ್ದಾರೆ, ಕರಕೊಂಡು ಬನ್ನಿ."

"ನಮ್ಮನೆಯವ್ರದ್ದು ಆವತ್ತೇ ನೋಡಿದ್ರಲ್ಲ," ಎಂದಳು ಅಕ್ಕ.

"ಯಾರದು? ನಾನು ನೋಡಿದ್ದು ಮೂರೇ ಜನರದ್ದು. ಇವರ ಬಿ.ಪಿ. ಮರೆತಿಲ್ಲ ನಾನು," ಎಂದು ನನ್ನ ಕಡೆ ಕೈ ತೋರಿಸಿದರು.

ನಾನೂ ಅಕ್ಕನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನನಗೆ ಕೂಡಲೇ ಹೋಗಿ ಅವನನ್ನು ಎತ್ತಿ ಹಾಕಿಕೊಂಡು ಬರುವ ಆಸೆ. ಅಕ್ಕ ಬೇಡವೆಂದಳು. ಮನೆಗೆ ಹೋಗಿ ಗಂಡನ ಮುಂದೆ ಕೂತು, ಎಷ್ಟೋ ದಿನದ ಮೇಲೆ ಬಾಯಿಬಿಟ್ಟಳು: "ಡಾಕ್ಟ್ರಿಗೆ ಬಳಿ ವಿಷಯ ತಿಳ್ಕೋಬೇಕಂತೆ. ಪೂರ್ತಿ ಬಲ್ಲೋರು ಸಾಗರ ಸೀಮೆಗೆ ನೀವೊಬ್ರೇ ಅಂತ ಯಾರೋ ಹೇಳಿದಾರಂತೆ."

ಭಾವ ಮದುವೆಗೆಂದು ಹೊಲಿಸಿದ್ದ ಕೋಟು ಹಾಕಿಕೊಂಡ. ಇಂಥ ಗೌರವಕ್ಕೆ ಸಾಕ್ಷಿ ಇರಲಿ ಎಂದು ಹೂವಯ್ಯನನ್ನೂ ಜೊತೆಗೆ ಕರೆದುಕೊಂಡ. ಅದಕ್ಕೆ ಮಾತ್ರ ನಾನು ಅವನಿಗೆ ಇವತ್ತಿಗೂ ಋಣಿ.

ಆಸ್ಪತ್ರೆಯ ಕೋಣೆಯಲ್ಲಿ ಶೇಷಪ್ಪ ಕುರ್ಚಿ ಎಳೆದುಕೊಂಡು ಕೂತು ಹೊನ್ನೆ, ಸೀಗೆ, ಕಡವೆ ಎಂದು ಶುರು ಮಾಡಿದ. ಡಾಕ್ಟರು ಎರಡು ನಿಮಿಷ ಕೇಳಿದರು. ಮೂರನೆಯ ನಿಮಿಷಕ್ಕೆ ಅವರ ಮುಖವೂ ನನ್ನ ಮುಖದ ಹಾಗಾಯಿತು.

"ಇದಕ್ಕಾ ಆ ಮದುವೆ ಮುರಿದದ್ದು?" ಎಂದರು. "ನೋಡ್ರೀ, ಮನುಷ್ಯರ ರಕ್ತದಲ್ಲಿ ದೊಡ್ಡ ಗುಂಪು ಅಂತ ಇರೋದು ನಾಲ್ಕು. ಎ, ಬಿ, ಎಬಿ, ಓ. ದೆಹಲಿಯವನಿಗೂ ಅಷ್ಟೇ, ಇಕ್ಕೇರಿಯವನಿಗೂ ಅಷ್ಟೇ. ಅದು ಅಪ್ಪ ಅಮ್ಮ ಇಬ್ಬರಿಂದಲೂ ಬರುತ್ತದೆ."

"ಅಪ್ಪನಿಂದ್ಲೂ ಬರ್ತದಾ? ಬಳಿ ಅಪ್ಪನಿಂದ ಬರಲ್ವಲ್ಲ," ಎಂದ ಹೂವಯ್ಯ.

"ಅದಕ್ಕೇ ಹೇಳ್ತಿರೋದು, ಅದು ಬಳಿ ಅಲ್ಲ ಅಂತ."

"ಅದೂ ಒಂದು ಮಾತೇ."

ಭಾವ ಸೋಲಲಿಲ್ಲ. "ನಾಲ್ಕೇ ಅಂತೀರಿ. ನಮ್ಮಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇದಾವೆ. ಉಳಿದದ್ದು ನಿಮ್ಗೆ ಇನ್ನೂ ಸಿಕ್ಕಿಲ್ಲ," ಎಂದು ಹೂವಯ್ಯನ ಕಡೆ ನೋಡಿದ. ನಂತರ, ಇನ್ನೂ ಬಟ್ಟೆ ಸುತ್ತಿಕೊಂಡೇ ಇದ್ದ ಹೆಬ್ಬೆರಳು ಎತ್ತಿದ. "ನಂದು ನೀವೇ ಚುಚ್ಚಿ ನೋಡಿ ಹೊಂದಲ್ಲ ಅಂದ್ರಲ್ಲ."

"ನಾನು ಹೆಬ್ಬೆರಳಿಗೆ ಚುಚ್ಚೋದೇ ಇಲ್ಲ," ಎಂದರು ಡಾಕ್ಟರು. "ಉಂಗುರದ ಬೆರಳಿಗೆ ಚುಚ್ತೀನಿ. ಬಿಚ್ಚಿ, ನೋಡೋಣ."

ಅಕ್ಕ ಎದ್ದು ಕೋಣೆಯ ಬಾಗಿಲು ಹಾಕಿ ಅಗಳಿ ಹಾಕಿದಳು. ನಾನು ಭಾವನ ಹಿಂದೆ ನಿಂತು ಎರಡೂ ಹೆಗಲು ಹಿಡಿದೆ. ಬಟ್ಟೆ ಬಿಚ್ಚಿದರೆ ಒಳಗೆ ಒಂದು ಗೀರೂ ಇಲ್ಲದ, ದುಂಡಗಿನ, ಆರೋಗ್ಯವಾದ ಹೆಬ್ಬೆರಳು. ಎಲೆಅಡಿಕೆಯ ವಾಸನೆ ಕೋಣೆಯೆಲ್ಲ ಹರಡಿತು. ಹೂವಯ್ಯ ಬಗ್ಗಿ ಮೂಸಿ ನೋಡಿ, ಮೂಗು ಒರೆಸಿಕೊಂಡು ಹಿಂದೆ ಸರಿದು ಕೂತ. ಹುಡುಗನೊಬ್ಬನ ಜೀವ, ಹುಡುಗಿಯೊಬ್ಬಳ ಮದುವೆ, ಒಬ್ಬ ವಿಧವೆಯ ಮಾನ, ನನ್ನ ಸತ್ತ ತಾಯಿಯ ಹೆಸರು, ಇಷ್ಟನ್ನೂ ಈ ಮನುಷ್ಯ ಒಂದು ಎಂಜಲು ಬಟ್ಟೆಯಲ್ಲಿ ಸುತ್ತಿಕೊಂಡು ಓಡಾಡಿದ್ದ. ನನ್ನ ಕೈ ಅವನ ಹೆಗಲ ಮೇಲೇ ಇತ್ತು. ಕುತ್ತಿಗೆ ಬಹಳ ದೂರವೇನೂ ಇರಲಿಲ್ಲ.

ಡಾಕ್ಟರು ಉಂಗುರದ ಬೆರಳಿಗೆ ಚುಚ್ಚಿದರು. ಭಾವ ಕಣ್ಣು ಮುಚ್ಚಿ ಎಲ್ಲ ಬಳಿಗಳ ಹೆಸರನ್ನೂ ದೇವರ ನಾಮದಂತೆ ಹೇಳತೊಡಗಿದ. ಗಾಜಿನ ಮೇಲಿನ ಹನಿ ಒಂದು ಕಡೆ ಮೊಸರಿನಂತೆ ಒಡೆದು ಗರಣೆ ಕಟ್ಟಿತು.

"ಬಿ," ಎಂದರು ಡಾಕ್ಟರು. "ಹೆಂಡತಿಯದೂ ಬಿ, ಗೋಪಾಲನದೂ ಬಿ, ಇವರದೂ ಬಿ. ಆವತ್ತೇ ಕೊಡಬಹುದಿತ್ತು."

ಹೂವಯ್ಯ ನಿಧಾನವಾಗಿ ಬೆರಳು ಮಡಚಿದ. "ಅಲ್ಲ ಶೇಷಪ್ಪ, ನೀನು ಹೇಳಿದ ಲೆಕ್ಕದಲ್ಲೇ ಹೋದ್ರೆ, ನೀನೂ ಬಂಗಾರಮ್ಮನೂ ಒಂದೇ ಬಳಿ ಆತಲ್ಲ. ಅಣ್ಣ ತಂಗಿ ಇಷ್ಟು ವರ್ಷ ಸಂಸಾರ..."

"ಮಾಡಿದ್ದು ತಪ್ಪಾತು," ಎಂದಳು ಅಕ್ಕ. "ಅಣ್ಣಯ್ಯ, ಎದ್ದೇಳು. ಇವತ್ತೇ ನಿನ್ನ ಗಂಟು ಕಟ್ಟಿ ಅಂಗಳದಾಗೆ ಇಡ್ತೀನಿ."

ಶೇಷಪ್ಪನ ಮುಖದಲ್ಲಿ ರಕ್ತವೇ ಇರಲಿಲ್ಲ. ಇದ್ದುದೆಲ್ಲ ಎದೆಗೆ ಹೋಗಿ ಅಲ್ಲಿ ದಬದಬ ಕುಟ್ಟುತ್ತಿತ್ತು, ಹೆಗಲು ಹಿಡಿದ ನನ್ನ ಕೈಗೂ ಅದು ಗೊತ್ತಾಗುತ್ತಿತ್ತು. "ನಾನು ಓಡಿಹೋಗಿದ್ದೆ ಮಾರಾಯ್ರೆ," ಎಂದ, ಇಲಿಯ ದನಿಯಲ್ಲಿ. "ಸೂಜಿ ಕಂಡು ಹೆದ್ರಿಕೆ ಆತು."

"ಇದನ್ನ ನಂಗೆ ಹೇಳ್ಬ್ಯಾಡಿ," ಎಂದು ಅಕ್ಕ ಅಗಳಿ ತೆಗೆದಳು. "ಹೇಳ್ಬೇಕಾದೋರು ಅಲ್ಲಿದಾರೆ."

ವಾರ್ಡಿನಲ್ಲಿ ಗೋಪಾಲ ಜ್ವರದಲ್ಲಿ ಬೆವರುತ್ತಾ ಮಲಗಿದ್ದ. ಹುಲಿಯಮ್ಮ ಅವನ ಕಾಲ ಬಳಿ ಕೂತಿದ್ದಳು. ನಮ್ಮನ್ನು ಕಂಡು ಮುಖ ತಿರುಗಿಸಿದಳು. ಪಕ್ಕದ ಮಂಚದ ಮೇಲೆ ಶೇಷಪ್ಪನನ್ನು ಕೋಟು ಬಿಚ್ಚಿ ಮಲಗಿಸಿದರು. ಸೂಜಿ ಒಳಗೆ ಹೋಗುವಾಗ ಅವನು ಹಾಕಿದ ಕೂಗು ಬಸ್ ಸ್ಟ್ಯಾಂಡಿಗೆ ಕೇಳಿಸಿತಂತೆ. ಬಾಟ್ಲಿ ತುಂಬತೊಡಗಿತು. ಹುಲಿಯಮ್ಮ ಅದನ್ನೇ ನೋಡುತ್ತಾ ಎದ್ದು ಬಂದು ಅವನ ತಲೆಯ ಹತ್ತಿರ ನಿಂತಳು.

"ಹೇಳು ಶೇಷಪ್ಪ. ಅವನು ಯಾರ ಮಗ?"

"ನಿಂದೇ ಮಗ ಹುಲಿಯಕ್ಕ."

"ಕೇಳ್ಸ್ಲಿಲ್ಲ."

"ನಿಂದೇ ಮಗ."

"ನನ್ನ ಊರು ನೀರಿನ ಅಡಿಗೆ ಐತೆ. ಅಲ್ಲೀವರೆಗೂ ಕೇಳ್ಬೇಕು."

ಶೇಷಪ್ಪ ಕೂಗಿದ. ಗಂಟಲು ಹರಿಯುವಂತೆ ಕೂಗಿದ. ವಾರ್ಡಿನ ರೋಗಿಗಳೆಲ್ಲ ಎದ್ದು ಕೂತರು, ಕಾಂಪೌಂಡರು ಓಡಿ ಬಂದ. ಹುಲಿಯಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಅಕ್ಕನ ಕಡೆ ತಿರುಗಿ, "ಹುಡುಗಿ ಹೆಂಗೈತೆ?" ಎಂದು ಕೇಳಿದಳು. ನನಗೂ ಕಣ್ಣು ಮಂಜಾಯಿತು, ಅದಕ್ಕೂ ಸಿಟ್ಟು ಬಂತು.

ಇಲ್ಲಿಗೆ ಕಥೆ ಮುಗಿದಿದ್ದರೆ ನನ್ನ ಸಿಟ್ಟೂ ಮುಗಿಯುತ್ತಿತ್ತು. ಮಳೆ ಹಿಡಿಯುವ ಮೊದಲು ಮದುವೆ ಆಯಿತು. ಗೋಪಾಲ ಕೋಲೂರಿಕೊಂಡು ಬಂದು, ಕಾಲು ಚಾಚಿ ಹಸೆಯ ಮೇಲೆ ಕೂತ. ಬಂದವರ ಮುಂದೆಲ್ಲ ಶೇಷಪ್ಪ ಹಳೆಯ ಶೇಷಪ್ಪನೇ ಆಗಿದ್ದ. "ಅಳಿಯ ನಡೀತಿರೋದು ಯಾರಿಂದ ಅಂದ್ಕಂಡ್ರಿ? ಅವನ ಮೈಯಾಗೆ ಹರೀತಿರೋದು ನನ್ನ ರಕ್ತ," ಎಂದು ಚಪ್ಪರದ ತುಂಬ ಹೇಳಿಕೊಂಡು ಬಂದ. ಅಕ್ಕ ಕೊಟ್ಟ ಬಾಟ್ಲಿಯ ಮಾತು ಅವನ ಬಾಯಲ್ಲಿ ಒಂದು ಸಲವೂ ಬರಲಿಲ್ಲ.

ಧಾರೆಯ ಹೊತ್ತು. ಭಾವ ಎರಡೂ ಕೈಯಲ್ಲಿ ಧಾರೆ ಗಿಂಡಿ ಹಿಡಿದಿದ್ದ. ಸೋದರಮಾವನಾದ ನಾನು ಅವನ ಬೆನ್ನಿಗೇ ನಿಂತಿದ್ದೆ. ಪಕ್ಕದಲ್ಲಿದ್ದ ಹೂವಯ್ಯ ಬಹಳ ಹೊತ್ತಿನಿಂದ ಬೆರಳು ಮಡಚುತ್ತಿದ್ದವನು ತಲೆ ಎತ್ತಿದ.

"ಅಲ್ಲ ಶೇಷಪ್ಪ, ಮಗಳ ಮೈಯಾಗಿರೋದೂ ನಿನ್ನ ರಕ್ತ, ಅಳಿಯನ ಮೈಯಾಗಿರೋದೂ ನಿನ್ನ ರಕ್ತ. ಹಂಗ್ ನೋಡಿದ್ರೆ..."

ಹುಲಿಯಮ್ಮನ ಮುಖ ಕೆಂಪಾಯಿತು. ಎಲ್ಲರೂ ಶೇಷಪ್ಪನನ್ನೇ ನೋಡಿದರು. ಜನ ನೋಡುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ಅವನ ಕಣ್ಣಲ್ಲಿ ಆ ಹಳೆಯ ಬೆಳಕು ಬಂತು. ಕಣ್ಣು ಮುಚ್ಚಿದ, ಗಂಟಲು ಸರಿ ಮಾಡಿಕೊಂಡ, ಬಾಯಿ ತೆರೆದ.

ನಾನು ಹಿಂದಿನಿಂದ ಅಂಗೈಯಿಂದ ಆ ಬಾಯಿ ಮುಚ್ಚಿ ಹಿಡಿದೆ. ಅಕ್ಕ ಅವನ ಎರಡೂ ಕೈ ಹಿಡಿದು ಗಿಂಡಿ ಬಗ್ಗಿಸಿದಳು. ಅವನು ಮಾತಾಡಲು ಒದ್ದಾಡಿದ, ಆಗದೆ ನನ್ನ ಕೈ ಕಚ್ಚಿದ. ಧಾರೆ ನೀರು ಪೂರ್ತಿ ಬೀಳುವ ತನಕ ನಾನು ಕೈ ತೆಗೆಯಲಿಲ್ಲ. ತೆಗೆದಾಗ ಅಂಗೈಯಿಂದ ರಕ್ತ ಇಳಿಯುತ್ತಿತ್ತು. ಯಾವ ಗುಂಪಿನದೆಂದು ಚಪ್ಪರದಲ್ಲಿ ಒಬ್ಬರೂ ಕೇಳಲಿಲ್ಲ.